ಬಾಡಿಗೆ ಕಟ್ಟಿಯಾಯಿತು, ಮೇಲಿನ ಖರ್ಚಿಗೆ ಎಷ್ಟು ಎತ್ತಿಡಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ: ಈ ಸಂಚಿಕೆಯಲ್ಲಿ ಇಂಗ್ಲೆಂಡಿನ ರಜಾಗ್ರಾಮಗಳ ಖರ್ಚುವೆಚ್ಚ

ಪ್ರಶ್ನೆ: ನಾವು ಮಿಲ್ಟನ್ ಕೀನ್ಸ್‌ನಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬದವರು. ಬೇಸಿಗೆಗೆ ಮೈಸೂರಿನಿಂದ ಅತ್ತೆ ಮಾವ ಬರುತ್ತಿದ್ದಾರೆ. ಅವರನ್ನೂ ಒಂಬತ್ತು ಮತ್ತು ಆರು ವರ್ಷದ ಮಕ್ಕಳಿಬ್ಬರನ್ನೂ ಕರೆದುಕೊಂಡು ಆಗಸ್ಟ್‌ನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಫಾರೆಸ್ಟ್ ಸೆಂಟರ್ ಪಾರ್ಕ್ಸ್ ರಜಾಗ್ರಾಮದಲ್ಲಿ ಉಳಿಯಲು ಮೂರು ಮಲಗುವ ಕೋಣೆಗಳ ಲಾಡ್ಜ್ (ಅಡುಗೆಮನೆಯೂ ಇರುವ ಬಿಡಿ ಮನೆ) ಕಾದಿರಿಸಿ 1,800 ಪೌಂಡ್ ಕಟ್ಟಿದ್ದೇವೆ. ಕಳೆದ ವರ್ಷ ಇಂಥದೇ ಇನ್ನೊಂದು ಕಡೆ ಹೋಗಿಬಂದ ಸ್ನೇಹಿತರು, ಬಾಡಿಗೆಯಷ್ಟೇ ಹಣ ಒಳಗೆ ಮತ್ತೊಮ್ಮೆ ಕರಗಿತು ಎನ್ನುತ್ತಾರೆ. ನಾವು ಸಸ್ಯಾಹಾರಿಗಳು. ಮೇಲಿನ ಖರ್ಚಿಗೆ ಎಷ್ಟು ಹಣ ಎತ್ತಿಡಬೇಕು, ಅದನ್ನು ಹೇಗೆ ಹಂಚಿಕೊಳ್ಳಬೇಕು?
— ಓದುಗರೊಬ್ಬರು, ಮಿಲ್ಟನ್ ಕೀನ್ಸ್

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಉತ್ಪ್ರೇಕ್ಷೆಯಲ್ಲ; ಆದರೆ ನಿಮಗೂ ಹಾಗೆಯೇ ಆಗಬೇಕೆಂದೇನೂ ಇಲ್ಲ. ಜಾತ್ರೆಯ ಮೈದಾನಕ್ಕೆ ಕಾಲಿಡಲು ಕಾಸು ಕೊಡಬೇಕಾಗಿಲ್ಲ, ರಾಟೆ ತೊಟ್ಟಿಲು ಹತ್ತಲು ಕೊಡಬೇಕು. ಈ ಗ್ರಾಮಗಳಲ್ಲಿ ಮೈದಾನಕ್ಕೂ ಕಾಸು, ತೊಟ್ಟಿಲಿಗೂ ಕಾಸು. ವ್ಯವಸ್ಥೆಯ ಮೂಲ ಸ್ವರೂಪವೇ ಅದು. ಪೀಟ್ ಡೆರ್ಕ್ಸೆನ್ ಎಂಬ ಡಚ್ ಉದ್ಯಮಿ 1968ರಲ್ಲಿ ನೆದರ್‌ಲ್ಯಾಂಡ್ಸ್‌ನ ರೂವರ್ ಎಂಬ ಊರಿನ ಬಳಿ ಕಾಡಿನ ನಡುವೆ ಬಿಡಿ ಮನೆಗಳನ್ನು ಕಟ್ಟಿ ಇದನ್ನು ಆರಂಭಿಸಿದರು. 1980ರಲ್ಲಿ ಅದೇ ದೇಶದ ಡೇ ಏಮ್‌ಹೋಫ್ ಎಂಬ ಇನ್ನೊಂದು ರಜಾಗ್ರಾಮದಲ್ಲಿ ಗಾಜಿನ ಛಾವಣಿಯಡಿ ವರ್ಷವಿಡೀ ಬೆಚ್ಚಗಿರುವ ಈಜುಕೊಳ ಸೇರಿಕೊಂಡಿತು. 1987ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಶೆರ್‌ವುಡ್ ಫಾರೆಸ್ಟ್ ಮೂಲಕ ಇಂಗ್ಲೆಂಡಿಗೆ ಬಂದ ಇದು, ನೀವು ಹೋಗಲಿರುವ ವೋಬರ್ನ್‌ಗೆ ಬಂದದ್ದು 2014ರಲ್ಲಿ. ಮನೆ, ಕಾಡು ಮತ್ತು ಈಜುಕೊಳ, ಇವಿಷ್ಟೂ ಬಾಡಿಗೆಯೊಳಗೆ ಬರುತ್ತವೆ. ಹಗ್ಗದ ಸೇತುವೆ, ಬಿಲ್ಲುಗಾರಿಕೆ, ದೋಣಿ, ಮಕ್ಕಳ ಕರಕುಶಲ ತರಗತಿ, ಸೈಕಲ್ ಬಾಡಿಗೆ, ಸ್ಪಾ, ಊಟ ತಿಂಡಿ ಇವೆಲ್ಲವೂ ಬೇರೆ ಲೆಕ್ಕ.

ಹೆಚ್ಚಿನವರು ಎಡವುವುದು ಚಟುವಟಿಕೆಗಳ ವಿಷಯದಲ್ಲಿ. ಒಂದೊಂದರ ದರವನ್ನೇ ನೋಡಿದಾಗ ಯಾವುದೂ ದುಬಾರಿಯೆನಿಸುವುದಿಲ್ಲ. ತಲೆಯೆಣಿಕೆ ಮತ್ತು ದಿನಗಳಿಂದ ಗುಣಿಸಿದಾಗ ಮಾತ್ರ ಅದರ ಗಾತ್ರ ತಿಳಿಯುತ್ತದೆ. ತಲೆಗೆ ಸರಾಸರಿ 20 ಪೌಂಡ್ ಎಂದಿಟ್ಟುಕೊಂಡರೆ, ನೀವಿಬ್ಬರು ಮತ್ತು ಮಕ್ಕಳಿಬ್ಬರು ದಿನಕ್ಕೆ ಒಂದೇ ಚಟುವಟಿಕೆಯಲ್ಲಿ ಪಾಲ್ಗೊಂಡರೂ ಮಂಗಳವಾರ, ಬುಧವಾರ, ಗುರುವಾರ ಸೇರಿ 240 ಪೌಂಡ್ ಆಗುತ್ತದೆ. ದಿನಕ್ಕೆರಡು ಎಂದರೆ 480. ಇನ್ನೊಂದು ವಿಷಯವನ್ನು ಗಮನಿಸಿ: ಸಣ್ಣ ಮಕ್ಕಳ ಕೆಲವು ಚಟುವಟಿಕೆಗಳಲ್ಲಿ ದೊಡ್ಡವರೊಬ್ಬರು ಜೊತೆಗಿರಬೇಕಾಗುತ್ತದೆ, ಕೆಲವೆಡೆ ಅವರಿಗೂ ಶುಲ್ಕವಿರುತ್ತದೆ; ಮತ್ತೆ ಕೆಲವಕ್ಕೆ ವಯಸ್ಸು, ಎತ್ತರ ಮತ್ತು ತೂಕದ ಮಿತಿಗಳಿರುತ್ತವೆ. ಅಣ್ಣನಿಗೆ ಅವಕಾಶವಿದ್ದು ತಮ್ಮನಿಗೆ ಇಲ್ಲವಾದರೆ, ತಮ್ಮನನ್ನು ಸಮಾಧಾನಪಡಿಸಲು ಮತ್ತೊಂದನ್ನು ಕೊಳ್ಳಬೇಕಾಗುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಮಕ್ಕಳ ಎತ್ತರವನ್ನು ಮನೆಯ ಗೋಡೆಗೆ ನಿಲ್ಲಿಸಿ ಅಳೆಯಿರಿ. ಹೋದ ವರ್ಷದ ಅಳತೆಯನ್ನು ನಂಬಬೇಡಿ.

ನನ್ನ ಸಲಹೆಯೆಂದರೆ, ಪ್ರತಿ ಮಗುವೂ ತನಗೆ ಬಹಳ ಬೇಕಾದ ಒಂದನ್ನು ತಾನೇ ಆರಿಸಿಕೊಳ್ಳಲಿ. ಮನೆಮಂದಿಯೆಲ್ಲ ಸೇರಿ ಮಾಡುವಂಥದು ಇನ್ನೊಂದಿರಲಿ. ಇವಿಷ್ಟನ್ನೂ ಈಗಲೇ ಕಾದಿರಿಸಿ, ಶಾಲಾ ರಜೆಯಲ್ಲಿ ಅನುಕೂಲದ ಹೊತ್ತುಗಳು ಬೇಗ ಭರ್ತಿಯಾಗುತ್ತವೆ. ಮುಂಚಿತವಾಗಿ ಹಣ ಕಟ್ಟುವುದರಲ್ಲಿ ಇನ್ನೊಂದು ಅನುಕೂಲವೂ ಇದೆ. ಊರಿನಿಂದ ಬಂದ ಹಿರಿಯರು ಪ್ರತಿ ದರಪಟ್ಟಿಯ ಮುಂದೆಯೂ ನಿಂತು ಪೌಂಡನ್ನು ರೂಪಾಯಿಗೆ ಗುಣಿಸಿ, "ಇದಕ್ಕೆ ಇಷ್ಟಾ? ನಮಗೆ ಬೇಡಪ್ಪ, ನೀವು ಹೋಗಿಬನ್ನಿ" ಎಂದುಬಿಡುತ್ತಾರೆ. ಹಣ ಆಗಲೇ ಕಟ್ಟಿಯಾಗಿದೆ, ಹೋಗದಿದ್ದರೆ ದಂಡ ಎಂದು ಹೇಳಿದರೆ ಆ ಮಾತಿಗೆ ಅಲ್ಲಿಗೇ ತೆರೆ ಬೀಳುತ್ತದೆ.

ಸೈಕಲ್‌ಗಳನ್ನು ಮನೆಯಿಂದಲೇ ಒಯ್ಯಿರಿ. ಬಂದಿಳಿಯುವ ಮತ್ತು ಹೊರಡುವ ದಿನಗಳನ್ನು ಬಿಟ್ಟರೆ ಕಾರು ಕಾರ್ ಪಾರ್ಕ್‌ನಲ್ಲೇ ಇರಬೇಕಾದುದರಿಂದ ಒಳಗೆಲ್ಲ ಕಾಲ್ನಡಿಗೆ ಇಲ್ಲವೇ ಸೈಕಲ್ಲೇ ಗತಿ. ನಾಲ್ಕು ಸೈಕಲ್ ಬಾಡಿಗೆಗೆ ಕೊಡುವ ಹಣದಲ್ಲಿ ಕಾರಿನ ಹಿಂದೆ ಕಟ್ಟುವ ಸೈಕಲ್ ರ‍್ಯಾಕ್ ಒಂದನ್ನು ಕೊಳ್ಳಬಹುದು, ಅದು ಮುಂದಿನ ಪ್ರವಾಸಗಳಿಗೂ ಆಗುತ್ತದೆ. ನಿಮಗಂತೂ ಮಿಲ್ಟನ್ ಕೀನ್ಸ್‌ನಿಂದ ವೋಬರ್ನ್ ಅರ್ಧ ಗಂಟೆಯ ದಾರಿ. ಮರೆತ ಸ್ವೆಟರಿಗಾಗಿ ಒಳಗಿನ ಅಂಗಡಿಯಲ್ಲಿ ಹಣ ಸುರಿಯುವ ಬದಲು ಒಬ್ಬರು ಮನೆಗೆ ಹೋಗಿ ತರುವಷ್ಟು ಹತ್ತಿರವಿದ್ದೀರಿ.

ಈಗ ಅಡುಗೆಮನೆಯ ವಿಷಯ. ಉಳಿತಾಯದ ಮುಖ್ಯ ದಾರಿ ಇದೇ. ಲಾಡ್ಜ್‌ನಲ್ಲಿ ಒಲೆ, ಓವನ್, ಮೈಕ್ರೋವೇವ್, ಫ್ರಿಜ್ ಎಲ್ಲವೂ ಇರುತ್ತವೆ. ಆರು ಮಂದಿ ರೆಸ್ಟೋರೆಂಟಿನಲ್ಲಿ ಕುಳಿತು ಉಂಡರೆ ತಲೆಗೆ 25 ಪೌಂಡ್‌ನಂತೆ ಹಿಡಿದರೂ ಒಂದು ಹೊತ್ತಿಗೆ 150 ಪೌಂಡ್. ಅದರಲ್ಲಿ ನಿಮ್ಮ ಅತ್ತೆಯವರಿಗೆ ಸಿಗುವುದು ಬಹುಶಃ ಒಂದು ಪಿಜ್ಜಾ ಮತ್ತು ಸಂಜೆಯವರೆಗೆ ಕಾಡುವ ಅಸಮಾಧಾನ. ಅಕ್ಕಿ, ತೊಗರಿಬೇಳೆ, ಅವಲಕ್ಕಿ, ರವೆ, ಸಾರಿನ ಪುಡಿ, ಹುಣಸೆಹಣ್ಣು, ಒಗ್ಗರಣೆಯ ಡಬ್ಬಿ, ಒಂದು ಬಾಟಲಿ ಉಪ್ಪಿನಕಾಯಿ, ಕಾಫಿ ಪುಡಿಯ ಜೊತೆಗೆ ಫಿಲ್ಟರು, ಇವಿಷ್ಟು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ತರಕಾರಿ ಮತ್ತು ಮೊಸರನ್ನು ಸೋಮವಾರ ಬೆಳಿಗ್ಗೆ ನಿಮ್ಮ ಊರಿನ ಸೂಪರ್ ಮಾರ್ಕೆಟ್ಟಿನಿಂದಲೇ ತನ್ನಿ. ಗ್ರಾಮದೊಳಗಿನ ಅಂಗಡಿಯಲ್ಲಿ ದರ ಹೆಚ್ಚಿರುವುದರಿಂದ ಅಲ್ಲಿ ಹಾಲು, ಬ್ರೆಡ್ಡು ಮುಗಿದಾಗ ಮಾತ್ರ ಕೊಳ್ಳುವುದೆಂದು ನಿಶ್ಚಯಿಸಿಕೊಳ್ಳಿ. ಕುಕ್ಕರ್ ಒಯ್ಯುವ ಮುನ್ನ ಒಲೆ ಇಂಡಕ್ಷನ್ ಹೌದೋ ಅಲ್ಲವೋ ಕೇಳಿ ತಿಳಿಯಿರಿ. ಊರಿನಿಂದ ತಂದ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮೊದಲು ಹೊಗೆ ಹೀರುವ ಫ್ಯಾನ್ ಹಾಕಿ, ತೋಟದ ಕಡೆಯ ಬಾಗಿಲು ತೆರೆದು, ಹಜಾರದ ಬಾಗಿಲು ಮುಚ್ಚಿ. ಸಾಸಿವೆ ಸಿಡಿಯುವ ಹೊತ್ತಿಗೆ ಸ್ಮೋಕ್ ಅಲಾರಂ ಕೂಗಿಕೊಂಡರೆ ಅಕ್ಕಪಕ್ಕದ ಲಾಡ್ಜ್‌ನವರೆಲ್ಲ ಹೊರಗೆ ಬಂದು ನಿಲ್ಲುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೂರು ಹೊತ್ತೂ ಲಾಡ್ಜ್‌ನಲ್ಲೇ ಅಡುಗೆ ಎಂದು ಗಂಡಸರು ಹಿಗ್ಗಿನಿಂದ ಬಜೆಟ್ ಬರೆಯುತ್ತಾರೆ. ನಾಲ್ಕು ದಿನವೂ ಒಲೆಯ ಮುಂದೆ ನಿಲ್ಲುವವರು ನೀವು ಮತ್ತು ನಿಮ್ಮ ಅತ್ತೆ. ಆ ಉಳಿತಾಯವನ್ನು ನಾನು ಉಳಿತಾಯವೆಂದು ಒಪ್ಪುವುದಿಲ್ಲ. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ನಿಮ್ಮ ಯಜಮಾನರ ಪಾಲಿಗಿರಲಿ. ಮಧ್ಯಾಹ್ನಕ್ಕೆ ಚಿತ್ರಾನ್ನ, ಮೊಸರನ್ನದಂತಹ ಒಂದೇ ಪಾತ್ರೆಯ ಊಟ. ರಾತ್ರಿ ಅನ್ನ ಸಾರು. ಮೊದಲ ದಿನಕ್ಕೆ ಚಪಾತಿ ಪಲ್ಯ ಮನೆಯಿಂದಲೇ ಬರಲಿ. ಬುಧವಾರ ರಾತ್ರಿ ಎಲ್ಲರೂ ಹೊರಗೆ ಉಣ್ಣಿ, ಆ 150 ಪೌಂಡನ್ನು ಬಜೆಟ್ಟಿನಲ್ಲಿ ಮೊದಲೇ ಬರೆದಿಡಿ. ಮೇಜನ್ನು ಮುಂಚಿತವಾಗಿ ಕಾದಿರಿಸುವಾಗಲೇ ಮೊಟ್ಟೆಯೂ ಇಲ್ಲದ ಸಸ್ಯಾಹಾರ ಬೇಕೆಂದು ತಿಳಿಸಿ, ಅಲ್ಲಿ ವೆಜಿಟೇರಿಯನ್ ಎಂದರೂ ಮೊಟ್ಟೆ ಸೇರಿರಬಹುದು.

ಹಿರಿಯರ ವಿಷಯದಲ್ಲಿ ಕೈ ಬಿಗಿಹಿಡಿಯಬೇಡಿ. ಗ್ರಾಮದ ವಿಸ್ತಾರ ದೊಡ್ಡದು, ನಿಮಗೆ ದೊರೆಯುವ ಲಾಡ್ಜ್ ಈಜುಕೊಳದಿಂದ ಬಹಳ ದೂರವಿರಬಹುದು. ಮಾವನವರಿಗೆ ಮಂಡಿ ನೋವು ಬಂದರೆ ಮೂರು ದಿನವೂ ಅವರು ಸೋಫಾದ ಮೇಲೆ ಕುಳಿತಿರಬೇಕಾಗುತ್ತದೆ. ಹೆಚ್ಚುವರಿ ಹಣ ಕೊಟ್ಟು ಕೇಂದ್ರಕ್ಕೆ ಹತ್ತಿರದ ಲಾಡ್ಜ್ ಆರಿಸಿಕೊಳ್ಳುವ ಅವಕಾಶ ಇನ್ನೂ ಇದ್ದರೆ ಒಂದು ಚಟುವಟಿಕೆಯನ್ನು ಕೈಬಿಟ್ಟಾದರೂ ಅದನ್ನು ಪಡೆದುಕೊಳ್ಳಿ. ಈಜುಕೊಳಕ್ಕೆ ಸೀರೆ, ಚೂಡಿದಾರ್ ಅಥವಾ ಹತ್ತಿಯ ಸಡಿಲ ಉಡುಪಿನಲ್ಲಿ ಇಳಿಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಪೂರ್ಣ ತೋಳಿನ, ಪಾದದವರೆಗಿನ ಈಜುಡುಪು ಮೈಸೂರಿನಲ್ಲೇ ಕಡಿಮೆ ಬೆಲೆಗೆ ಸಿಗುತ್ತದೆ, ಬರುವಾಗ ತರಲು ಹೇಳಿ. ಅತ್ತೆಯವರು ನೀರಿಗೆ ಇಳಿಯುವುದಿಲ್ಲ ಎಂದು ನೀವೇ ತೀರ್ಮಾನಿಸಬೇಡಿ.

ಒಟ್ಟು ಮೊತ್ತಕ್ಕೆ ಬರೋಣ. ಚಟುವಟಿಕೆಗಳಿಗೆ 240, ಹೊರಗಿನ ಒಂದು ಊಟಕ್ಕೆ 150, ದಿನಸಿ ತರಕಾರಿಗೆ 120, ಕಾಫಿ ಐಸ್‌ಕ್ರೀಂಗೆ 60, ಮಕ್ಕಳ ಕೈಖರ್ಚಿಗೆ ತಲಾ 15ರಂತೆ 30, ಮಳೆ ಹಿಡಿದರೆ ಅಥವಾ ಯಾರಿಗಾದರೂ ಹುಷಾರು ತಪ್ಪಿದರೆ ಇರಲೆಂದು 80. ಎಲ್ಲ ಸೇರಿ 680 ಪೌಂಡ್, ಅಂದರೆ ನಿಮ್ಮ ಬಾಡಿಗೆಯ ಐದರಲ್ಲಿ ಎರಡು ಪಾಲಿಗೆ ಹತ್ತಿರ. ಈ ಅಂಕಿಗಳು ನನ್ನ ಅಂದಾಜು. ನಿಮ್ಮ ದಿನಾಂಕದ ದರಗಳನ್ನು ನೋಡಿ ತಿದ್ದಿಕೊಳ್ಳಿ. ಮಕ್ಕಳ 15 ಪೌಂಡನ್ನು ಮೊದಲ ದಿನವೇ ನಾಣ್ಯಗಳಲ್ಲಿ ಅವರ ಕೈಗೆ ಕೊಡಿ. ಗೊಂಬೆ, ಸಿಹಿತಿಂಡಿ, ವಿಡಿಯೋ ಗೇಮ್ ಯಂತ್ರ, ಸವಾರಿಯ ಫೋಟೋ ಇವೆಲ್ಲ ಅದರೊಳಗೇ ಆಗಬೇಕು. ಅಜ್ಜ ಗುಟ್ಟಾಗಿ ಮೇಲೆ ಕೊಡುವುದನ್ನು ಯಾವ ಬಜೆಟ್ಟೂ ತಡೆಯಲಾರದು.

ಪ್ರಶ್ನೆ: ಶಾಲೆ ನಡೆಯುವ ದಿನಗಳಲ್ಲಿ ಇದೇ ಲಾಡ್ಜ್ ಅರ್ಧದಷ್ಟು ಬೆಲೆಗೆ ಸಿಗುತ್ತಿದೆ. ಮಕ್ಕಳ ಶಾಲೆ ತಪ್ಪಿಸಿದ್ದಕ್ಕೆ ದಂಡ ಕಟ್ಟಿಯೂ ನಮಗೆ ಲಾಭವೇ ಅಲ್ಲವೇ? ನಮಗೂ ಇಬ್ಬರು ಮಕ್ಕಳು, ಎಂಟು ಮತ್ತು ನಾಲ್ಕು ವರ್ಷದವರು.
— ಓದುಗರೊಬ್ಬರು, ರೆಡಿಂಗ್

ಉತ್ತರ: ಲೆಕ್ಕವನ್ನು ಪೂರ್ತಿ ಮಾಡಿ ನೋಡಿ. ಇಂಗ್ಲೆಂಡಿನಲ್ಲಿ ಆಗಸ್ಟ್ 2024ರಿಂದ ಜಾರಿಯಲ್ಲಿರುವ ನಿಯಮದಂತೆ, ಅನುಮತಿಯಿಲ್ಲದೆ ಶಾಲೆ ತಪ್ಪಿಸಿದರೆ ಒಂದು ಮಗುವಿಗೆ ಒಬ್ಬ ಪೋಷಕರ ಮೇಲೆ 80 ಪೌಂಡ್ ದಂಡ; 21 ದಿನಗಳಲ್ಲಿ ಕಟ್ಟದೆ 28 ದಿನಗಳೊಳಗೆ ಕಟ್ಟಿದರೆ 160. ತಂದೆ ತಾಯಿ ಇಬ್ಬರಿಗೂ ಬೇರೆ ಬೇರೆ ನೋಟಿಸ್ ಬರಬಹುದು. ಅದೇ ಮಗುವಿಗೆ ಮೂರು ವರ್ಷದೊಳಗೆ ಎರಡನೆಯ ಸಲ ಹೀಗಾದರೆ ರಿಯಾಯಿತಿಯಿಲ್ಲದೆ ನೇರವಾಗಿ 160. ಮೂರನೆಯ ಸಲ ಈ ದಂಡದ ದಾರಿಯೇ ಮುಚ್ಚಿ, ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು.

ಹತ್ತು ಶಾಲಾ ವಾರಗಳ ಅವಧಿಯಲ್ಲಿ 10 ಅರ್ಧ ದಿನಗಳ ಗೈರುಹಾಜರಿಯಾದಾಗ ಶಾಲೆಯವರು ದಂಡದ ವಿಷಯವನ್ನು ಪರಿಶೀಲಿಸಬೇಕು. ಸೋಮವಾರದಿಂದ ಶುಕ್ರವಾರದವರೆಗಿನ ರಜೆ ಸರಿಯಾಗಿ 10 ಅರ್ಧ ದಿನಗಳೇ! ಶುಕ್ರವಾರ ಹೋಗಿ ಸೋಮವಾರ ಬಂದರೆ ನಾಲ್ಕು ಮಾತ್ರ. ಆದರೂ ಅದು ಅನುಮತಿಯಿಲ್ಲದ ಗೈರುಹಾಜರಿಯೆಂದೇ ದಾಖಲಾಗುತ್ತದೆ, ಮುಖ್ಯೋಪಾಧ್ಯಾಯರ ಮುಂದೆ ಸುಳ್ಳು ಜ್ವರದ ಕಥೆ ಹೇಳುವುದನ್ನು ನಾನು ಸೂಚಿಸಲಾರೆ. ನಿಮ್ಮ ಚಿಕ್ಕ ಮಗುವಿಗೆ ಐದು ತುಂಬಿ, ಅದರ ಮುಂದಿನ ಶಾಲಾ ಅವಧಿ ಶುರುವಾಗುವವರೆಗೆ ಕಡ್ಡಾಯ ಶಿಕ್ಷಣದ ನಿಯಮ ಅನ್ವಯಿಸುವುದಿಲ್ಲ, ಹಾಗಾಗಿ ದಂಡದ ಪ್ರಶ್ನೆ ದೊಡ್ಡ ಮಗುವಿನದು ಮಾತ್ರ. ದಂಡವಿಲ್ಲದೆ ಉಳಿಸುವ ದಾರಿಯೂ ಇದೆ. ಶಿಕ್ಷಕರ ತರಬೇತಿಗಾಗಿ ಶಾಲೆಗೆ ರಜೆ ಕೊಡುವ ದಿನಗಳನ್ನು ವರ್ಷದ ಆರಂಭದಲ್ಲೇ ಕೇಳಿಕೊಳ್ಳಿ. ಅಂತಹ ದಿನ ಶುಕ್ರವಾರ ಅಥವಾ ಸೋಮವಾರ ಬಿದ್ದು, ಬೇರೆ ಕೌಂಟಿಗಳ (ಜಿಲ್ಲೆಗಳ) ಶಾಲೆಗಳು ಅಂದು ತೆರೆದಿದ್ದರೆ, ಆ ವಾರಾಂತ್ಯದ ದರ ಶಾಲಾ ರಜೆಯ ದರಕ್ಕಿಂತ ಗಣನೀಯವಾಗಿ ಕಡಿಮೆಯಿರುವ ಸಂಭವವಿದೆ.

ಪ್ರಶ್ನೆ: ಒಂದೇ ಮೊತ್ತದಲ್ಲಿ ಎಲ್ಲವೂ ಸೇರಿರುವ ರಜಾಗ್ರಾಮಕ್ಕೆ ಹೋಗುವುದು ಲೇಸಲ್ಲವೇ? ಜಾಹೀರಾತಿನ ಬೆಲೆ ಒಂದು, ಹಣ ಕಟ್ಟುವ ಕೊನೆಯ ಪುಟದ ಬೆಲೆ ಮತ್ತೊಂದು ಎಂಬುದು ನಮಗಾದ ಅನುಭವ.
— ಓದುಗರೊಬ್ಬರು, ಲೆಸ್ಟರ್

ಉತ್ತರ: ಬಿಲ್ಲಿ ಬಟ್ಲಿನ್ ಎಂಬ ಉದ್ಯಮಿ 1936ರಲ್ಲಿ ಸ್ಕೆಗ್‌ನೆಸ್‌ನ ಕಡಲತೀರದಲ್ಲಿ ತಮ್ಮ ಮೊದಲ ರಜಾ ಶಿಬಿರ ತೆರೆದಾಗ ಊಟ, ವಸತಿ, ಮನರಂಜನೆ ಎಲ್ಲವನ್ನೂ ಒಂದೇ ಶುಲ್ಕದಲ್ಲಿ ಕೊಟ್ಟದ್ದೇ ಅವರ ಯಶಸ್ಸಿನ ಗುಟ್ಟಾಯಿತು. ಇಂದಿಗೂ ಅವರ ಹೆಸರಿನ ಬಟ್ಲಿನ್ಸ್ ರಜಾಗ್ರಾಮಗಳಲ್ಲಿ ಈಜುಕೊಳ, ಜಾತ್ರೆಯ ಆಟಗಳು ಮತ್ತು ಹೆಚ್ಚಿನ ಪ್ರದರ್ಶನಗಳು ಬಾಡಿಗೆಯಲ್ಲೇ ಸೇರಿವೆ; ಊಟಕ್ಕೆ ಬೇರೆ ಪ್ಯಾಕೇಜ್ ಕೊಳ್ಳಬೇಕು. ದಿನವಿಡೀ ಓಡಾಡಿ ಆಡುವ ಮಕ್ಕಳಿದ್ದು, ಹಿರಿಯರಿಗೂ ಗದ್ದಲ ಒಗ್ಗುವುದಾದರೆ ಅದು ಸರಿಯಾದ ಆಯ್ಕೆ. ಆದರೆ ಸಸ್ಯಾಹಾರಿ ಕುಟುಂಬಗಳು ಊಟದ ಪ್ಯಾಕೇಜನ್ನು ಕಣ್ಣು ಮುಚ್ಚಿ ಕೊಳ್ಳಬಾರದು: ಬಫೆಯಲ್ಲಿ ನಿಮ್ಮ ಪಾಲಿಗೆ ಬರುವುದು ಆಲೂಗೆಡ್ಡೆ, ಪಾಸ್ತಾ ಮತ್ತು ಸಲಾಡ್ ಆದರೆ, ಮಾಂಸದ ಊಟದ ಬೆಲೆ ತೆತ್ತು ಅದನ್ನು ತಿಂದಂತಾಗುತ್ತದೆ.

ಕೊನೆಯ ಪುಟದಲ್ಲಿ ಬೆಲೆ ಬೆಳೆಯುವ ವಿಷಯಕ್ಕೆ ಕಾನೂನಿನ ಬೆಂಬಲವಿದೆ. 2024ರ ಡಿಜಿಟಲ್ ಮಾರುಕಟ್ಟೆ, ಸ್ಪರ್ಧೆ ಮತ್ತು ಗ್ರಾಹಕರ ಕಾಯ್ದೆಯ ನಿಯಮಗಳು 6 ಏಪ್ರಿಲ್ 2025ರಿಂದ ಜಾರಿಗೆ ಬಂದ ಮೇಲೆ, ಗ್ರಾಹಕರು ತಪ್ಪಿಸಿಕೊಳ್ಳಲಾಗದ ಯಾವುದೇ ಶುಲ್ಕವನ್ನು ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಿರಬೇಕು. ನೀವಾಗಿ ಆರಿಸಿಕೊಳ್ಳುವ ವಿಮೆ, ಲಾಡ್ಜ್‌ನ ಜಾಗ, ನಾಯಿಯ ಶುಲ್ಕ ಮುಂತಾದವು ಈ ನಿಯಮದೊಳಗೆ ಬರುವುದಿಲ್ಲ. ಆದ್ದರಿಂದ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ನಡುವೆ ಸೇರಿದ ಪ್ರತಿ ಸಾಲನ್ನೂ ಬೇಡವೆನ್ನಲು ಸಾಧ್ಯವಿತ್ತೇ ಎಂದು ನೋಡಿ. ಸಾಧ್ಯವಿರಲಿಲ್ಲವಾದರೆ ಮೊದಲು ಆ ಸಂಸ್ಥೆಗೆ ಲಿಖಿತವಾಗಿ ಬರೆಯಿರಿ. ಅವರ ಉತ್ತರ ಸಮಾಧಾನ ತರದಿದ್ದರೆ ಜನರಿಗೆ ಉಚಿತ ಸಲಹೆ ನೀಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ಸಹಾಯವಾಣಿಗೆ ಆ ಚಿತ್ರಗಳೊಂದಿಗೆ ದೂರು ಕೊಡಬಹುದು.