ಬಿಲ್ಲಿ ಹಾಲಿಡೇಯ 'ಲೇಡಿ ಇನ್ ಸ್ಯಾಟಿನ್': ಒಡೆದ ದನಿಯಲ್ಲಿ ಕೇಳುವಂಥದ್ದೇನಿದೆ?

ಅಮೆರಿಕದ ಜಾಜ್ ಗಾಯಕಿ ಬಿಲ್ಲಿ ಹಾಲಿಡೇಯ ಹಳೆಯ ಹಾಡುಗಳು ಇಷ್ಟ, ಆದರೆ 1958ರ ಈ ಆಲ್ಬಮ್‌ನಲ್ಲಿ ದನಿ ಸೀಳಿದೆ, ಹಿಂದೆ ಸಿನಿಮಾದಂಥ ಪಿಟೀಲು, ಇದನ್ನೇಕೆ ಹೊಗಳುತ್ತಾರೆ ಅಂತ ಕೇಳಿದ್ದೀರಿ. ದನಿ ಸೀಳಿದೆ ಅನ್ನುವುದು ನಿಜ, ಅದರಲ್ಲಿ ವಾದವೇ ಇಲ್ಲ. 1935ರಲ್ಲಿ ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ತಂಡದ ಜೊತೆ ಹಾಡಿದಾಗಿನ ಹುಡುಗಿ ಇಲ್ಲಿಲ್ಲ. ಕುಡಿತ, ಹೆರಾಯಿನ್ ಸೇರಿ ಆ ಗಂಟಲನ್ನು ತಿಂದುಹಾಕಿದ್ದವು. ಈ ಆಲ್ಬಮ್ ಬಂದ ಮರುವರ್ಷ ಜುಲೈನಲ್ಲಿ ತೀರಿಕೊಂಡಾಗ ಆಕೆಗೆ ಬರೀ 44.

ಆದರೆ ಪಿಟೀಲುಗಳನ್ನು ಯಾರೋ ತಲೆಗೆ ಕಟ್ಟಿದ್ದಲ್ಲ. ರೇ ಎಲ್ಲಿಸ್‌ನ ವಾದ್ಯಸಂಯೋಜನೆ ಕೇಳಿ ಮೆಚ್ಚಿ, ಇವರೇ ಬೇಕು ಅಂದವಳು ಆಕೆಯೇ. ಅಲ್ಲೇ ಇರುವುದು ಮಜಾ. ಸಣ್ಣ ಜಾಜ್ ತಂಡ ಹಾಡುಗಾರ್ತಿಯ ಉಸಿರು ನೋಡಿಕೊಂಡು ನುಡಿಸುತ್ತದೆ. ಆಕೆ ತಡೆದರೆ ತಾನೂ ತಡೆಯುತ್ತದೆ. ಇಷ್ಟು ದೊಡ್ಡ ವಾದ್ಯವೃಂದಕ್ಕೆ ಅದು ಅಷ್ಟು ಸುಲಭವಲ್ಲ. ಹಾಳೆಯಲ್ಲಿ ಬರೆದದ್ದನ್ನೇ ಎಲ್ಲರೂ ನುಡಿಸಬೇಕು. ಹಾಗಾಗಿ ಪಿಟೀಲು ತನ್ನ ಪಾಡಿಗೆ ನುಣ್ಣಗೆ ಸಾಗುತ್ತಿದ್ದರೆ, ಆಕೆ ಹಿಂದೆ ಉಳಿದು, ಸಾಲನ್ನು ಎಳೆದು, ಕೊನೆಯ ಪದವನ್ನು ಕೆಳಗೆ ಜಾರಿಸಿ, ಇನ್ನೇನು ತಪ್ಪಿತು ಅನ್ನುವಾಗ ಬಂದು ಸೇರುತ್ತಾಳೆ. ಇಲ್ಲಿ ಬೆಳಗಾವಿಯಲ್ಲಿ ತಬಲಾ ನುಡಿಸುವ ಗೆಳೆಯನೊಬ್ಬನಿಗೆ 'ಐ ಆ್ಯಮ್ ಎ ಫೂಲ್ ಟು ವಾಂಟ್ ಯು' ಕೇಳಿಸಿದೆ. ತೊಡೆ ಮೇಲೆ ಬೆರಳಿನಿಂದ ಮಾತ್ರೆ ಎಣಿಸುತ್ತ ಕೂತಿದ್ದವನು, "ಈಕಿ ಸಮಕ್ಕ ಬರೂದ ಇಲ್ಲಲ್ಲೋ! ಆದ್ರ ತಾಳಾನೂ ತಪ್ಪೂದಿಲ್ಲ" ಅಂದ. ಸಮ ಅಂದರೆ ತಾಳದ ಮೊದಲ ಮಾತ್ರೆ. ಇಂಗ್ಲಿಷ್ ಸಾಹಿತ್ಯ ಅವನಿಗೆ ಬೇಕಾಗಲೇ ಇಲ್ಲ.

ದನಿಯ ವಿಷಯಕ್ಕೆ ನಮ್ಮ ಕಡೆಯವರಿಗಂತೂ ಇದು ಹೊಸದಲ್ಲ. ಇದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಕ್ಷಯದಿಂದ ಒಂದು ಶ್ವಾಸಕೋಶ ಕಳೆದುಕೊಂಡು, ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ತುಂಡು ತುಂಡಾದ ಸ್ವರಗುಚ್ಛಗಳಲ್ಲಿ ಹಾಡಿದರು. ಉಸಿರಿನ ಕೊರತೆಯೇ ಗಾಯನಶೈಲಿಯಾಯಿತು. ಹಾಲಿಡೇಯದ್ದೂ ಅದೇ ದಾರಿ ಅಂತ ನಾನು ಹೇಳುವುದಿಲ್ಲ, ಇಬ್ಬರ ಸಂಗೀತವೂ ಬೇರೆ, ಬದುಕೂ ಬೇರೆ. ಕುಮಾರರನ್ನು ಕೇಳಿದ ಕಿವಿಗೆ ಈ ಆಲ್ಬಮ್ ಬೇಗ ಒಲಿಯುತ್ತದೆ, ಅಷ್ಟೇ.

ಎಲ್ಲವೂ ಚಿನ್ನವೇನಲ್ಲ. ಹಿಂದಿನ ಹೆಣ್ಣುದನಿಗಳ ಕೋರಸ್ ನನಗೆ ಸಕ್ಕರೆ ಹೆಚ್ಚಾದ ಚಹಾ. ಟ್ರಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ಬಂದ ಕಡೆ ಮಾತ್ರ ಜೀವ ಬರುತ್ತದೆ, ಅದನ್ನು ನುಡಿಸಲು ಜೆ.ಜೆ. ಜಾನ್ಸನ್, ಅರ್ಬಿ ಗ್ರೀನ್‌ರಂಥವರು ಇದ್ದರು. ಎಲ್ಲಿಸ್‌ಗೂ ರೆಕಾರ್ಡಿಂಗ್ ವೇಳೆ ಆಕೆಯ ಹಾಡಿಕೆ ಸಮಾಧಾನ ತಂದಿರಲಿಲ್ಲ. ಆಮೇಲೆ ಟೇಪು ಕೇಳಿದಾಗಲೇ ಅದರ ಬೆಲೆ ತಿಳಿದದ್ದು. ಸಂಯೋಜಕನಿಗೇ ಹಾಗಾಗಿದೆ ಅಂದಮೇಲೆ ನೀವು ಮೊದಲ ಸಲಕ್ಕೇ ಮೆಚ್ಚದಿದ್ದರೆ ಅಪರಾಧವೇನಿಲ್ಲ ಬಿಡ್ರಿ.

ಇಡೀ ಆಲ್ಬಮ್ ಒಂದೇ ಪಟ್ಟಿಗೆ ಹಾಕಬೇಡಿ, ಎಲ್ಲ ನಿಧಾನದ ಹಾಡುಗಳೇ, ಬೇಸರ ಬರುತ್ತದೆ. 'ಯೂ ಹ್ಯಾವ್ ಚೇಂಜ್ಡ್' ಒಂದನ್ನೇ ಇಯರ್‌ಫೋನ್‌ನಲ್ಲಿ ಕೇಳಿ. ಮೊದಲ ಸಲ ಪಿಟೀಲನ್ನಷ್ಟೇ ಹಿಂಬಾಲಿಸಿ. ಎರಡನೇ ಸಲ ಆಕೆ ಪ್ರತಿ ಸಾಲನ್ನು ಎಲ್ಲಿ ಶುರುಮಾಡುತ್ತಾಳೆ, ಎಲ್ಲಿ ಬಿಡುತ್ತಾಳೆ ಅಂತ ನೋಡಿ. ಆಗಲೂ ಹಿಡಿಸದಿದ್ದರೆ 1935ರ ರೆಕಾರ್ಡುಗಳಿಗೇ ಮರಳಿ, ಅಲ್ಲೂ ತಾಳದ ಹಿಂದೆ ಉಳಿಯುವ ಈ ಚಾಳಿ ಆಕೆಗಿತ್ತು.