ಫ್ರೋಜನ್ ತರಕಾರಿ ವ್ಯಾಪಾರ: ಲೆಕ್ಕವನ್ನು ಕೊನೆಯ ಅಂಗಡಿಯಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಭಾವ ಕತಾರ್ ದೇಶದ ದೋಹಾದಲ್ಲಿದ್ದಾರೆ. ನೀವು ಬೆಂಗಳೂರಿನಿಂದ ಫ್ರೋಜನ್ ತರಕಾರಿ ಕಳಿಸುವುದು, ಅವರು ಅಲ್ಲಿ ಇಳಿಸಿಕೊಂಡು ಅಂಗಡಿ, ಹೋಟೆಲ್‌ಗಳಿಗೆ ಹಂಚುವುದು ಅಂತ ಯೋಚನೆ. ‘ಒಂದು ಕೋಲ್ಡ್ ರೂಮ್ ಬಾಡಿಗೆಗೆ ಹಿಡಿದು, ಒಂದು ಫ್ರೀಜರ್ ಗಾಡಿ ಇಟ್ಟುಕೊಂಡರೆ ಸಾಕಲ್ವಾ?’ ಅಂತ ಕೇಳಿದ್ದೀರಿ.

ಸಾಲದು. ನಾನು ಒಂಬತ್ತು ವರ್ಷ ದೋಹಾದಲ್ಲಿ ಇದೇ ಹಂಚಿಕೆ ಕೆಲಸ ಮಾಡಿದವನು. ಈಗ ಬೊಮ್ಮಸಂದ್ರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಲೋಡಿಂಗ್ ನೋಡಿಕೊಳ್ಳುತ್ತೇನೆ. ಕಳಿಸುವ ತುದಿ, ಇಳಿಸಿಕೊಳ್ಳುವ ತುದಿ ಎರಡನ್ನೂ ಕಂಡಿದ್ದೇನೆ. ಹೊಸದಾಗಿ ಬರುವವರೆಲ್ಲ ‘ಬಟಾಣಿ ಎಲ್ಲಿ ಅಗ್ಗ’ ಅನ್ನುವುದರಿಂದ ಶುರು ಮಾಡುತ್ತಾರೆ. ನೀವು ಉಲ್ಟಾ ಬನ್ನಿ. ಗಿರಾಕಿ ಕೈ ಹಾಕಿ ಪ್ಯಾಕೆಟ್ ತೆಗೆಯುತ್ತಾರಲ್ಲ, ಆ ಕೊನೆಯ ಅಂಗಡಿಯ ಫ್ರೀಜರ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ.

ಇದನ್ನು ನಾನು ಕಲಿತದ್ದು ಒಂದು ಸಣ್ಣ ದಿನಸಿ ಅಂಗಡಿಯಿಂದ. ಅಲ್ಲಿಂದ ಪದೇ ಪದೇ ಬಟಾಣಿ ವಾಪಸ್ ಬರುತ್ತಿತ್ತು. ಒಳ್ಳೆಯ ಫ್ರೋಜನ್ ಬಟಾಣಿ ಅಂದರೆ ಪ್ಯಾಕೆಟ್ ಅಲ್ಲಾಡಿಸಿದರೆ ಕಾಳು ಬಿಡಿ ಬಿಡಿಯಾಗಿ ಗಲಗಲ ಅನ್ನಬೇಕು. ಇದು ಇಟ್ಟಿಗೆ ಥರ ಒಂದೇ ಗಟ್ಟಿ. ಒಳಗೆ ಮಂಜುಗಡ್ಡೆಯ ಹರಳು ಬೇರೆ. ನಮ್ಮ ಗಾಡಿಯ ತಾಪಮಾನದ ದಾಖಲೆ ನೋಡಿದೆ, ಸರಿ ಇತ್ತು. ಗೋದಾಮಿನದೂ ಸರಿ ಇತ್ತು. ಕೊನೆಗೆ ಒಂದು ಸಣ್ಣ ಕಪ್‌ನಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ನಾಣ್ಯ ಇಟ್ಟು, ಅಂಗಡಿಯವರಿಗೆ ಹೇಳಿಯೇ ಅವರ ಫ್ರೀಜರ್‌ನ ಮೂಲೆಯಲ್ಲಿಟ್ಟು ಬಂದೆ. ಮಂಜು ಕರಗದಿದ್ದರೆ ನಾಣ್ಯ ಮೇಲೇ ಇರುತ್ತದೆ. ವಾರ ಬಿಟ್ಟು ಹೋಗಿ ನೋಡಿದರೆ ನಾಣ್ಯ ಅರ್ಧ ಕಪ್ ಕೆಳಗಿಳಿದು, ಅಲ್ಲೇ ಹೆಪ್ಪುಗಟ್ಟಿ ಕೂತಿತ್ತು.

ಅದು ಗಾಜಿನ ಬಾಗಿಲಿನ ನಿಲುವು ಫ್ರೀಜರ್. ಕರೆಂಟ್ ಉಳಿಯಲಿ ಅಂತ ರಾತ್ರಿ ಅಂಗಡಿ ಮುಚ್ಚುವಾಗ ಸ್ವಿಚ್ ಆರಿಸುತ್ತಿದ್ದರು. ‘ಬೆಳಿಗ್ಗೆ ಹಾಕಿದ ಮೇಲೆ ಮತ್ತೆ ಗಟ್ಟಿ ಆಗುತ್ತಲ್ವಾ?’ ಅಂತ ಅವರು ನನ್ನನ್ನೇ ಕೇಳಿದರು. ಮೋಸ ಮಾಡುವ ಮನುಷ್ಯ ಅಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಸರಕು ಕೊಟ್ಟ ನಾವೇ ಹೇಳಿಕೊಡಬೇಕಿತ್ತು.

ಮತ್ತೆ ಗಟ್ಟಿ ಆಗುತ್ತದೆ, ನಿಜ. ಆದರೆ ಅದು ಮೊದಲಿನ ತರಕಾರಿ ಅಲ್ಲ. ಫ್ಯಾಕ್ಟರಿಯಲ್ಲಿ ಕಾಳನ್ನು ಸ್ವಲ್ಪ ಹೊತ್ತು ಬಿಸಿನೀರಿಗೆ ಅಥವಾ ಹಬೆಗೆ ಹಿಡಿದು, ಆಮೇಲೆ ಕೊರೆಯುವ ಗಾಳಿಯಲ್ಲಿ ಬಿಡಿಯಾಗಿ, ಬೇಗ ಹೆಪ್ಪುಗಟ್ಟಿಸುತ್ತಾರೆ. ಬೇಗ ಆದರೆ ಹರಳು ಸಣ್ಣದು, ಕಾಳಿನ ಒಳಗೆ ಹಾನಿ ಕಮ್ಮಿ. ಅಂಗಡಿ ಫ್ರೀಜರ್‌ನಲ್ಲಿ ನಿಧಾನಕ್ಕೆ ಹೆಪ್ಪುಗಟ್ಟಿದರೆ ದೊಡ್ಡ ಹರಳು ಬೆಳೆದು ಕಾಳನ್ನು ಒಳಗಿಂದಲೇ ಸೀಳುತ್ತದೆ. ರುಚಿಯ ಮಾತು ಬಿಡಿ, ಭಯ ಇರುವುದು ಕ್ರಿಮಿಯದು. ಫ್ರೋಜನ್ ಸರಕು ಇಡಬೇಕಾದ ಮೈನಸ್ 18 ಡಿಗ್ರಿಯಲ್ಲಿ ಕ್ರಿಮಿ ಬೆಳೆಯುವುದಿಲ್ಲ, ಆದರೆ ಎಲ್ಲವೂ ಸಾಯುವುದೂ ಇಲ್ಲ. ಕರಗಿದ ಕೂಡಲೇ ಕೆಲಸ ಶುರು.

2018ರಲ್ಲಿ ಯುರೋಪಿನಲ್ಲಿ ಏನಾಯ್ತು ನೋಡಿ. ಫ್ರೋಜನ್ ಜೋಳ ಮತ್ತು ಅದರ ಜೊತೆ ಪ್ಯಾಕ್ ಆದ ತರಕಾರಿಗಳಿಂದ ಲಿಸ್ಟೀರಿಯಾ ಅನ್ನುವ ಕ್ರಿಮಿ ಹರಡಿ, 2015ರಿಂದ ಐದು ದೇಶಗಳಲ್ಲಿ 47 ಜನ ಕಾಯಿಲೆ ಬಿದ್ದರು, 9 ಜನ ತೀರಿಕೊಂಡರು ಅಂತ ಆಗ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿತು. ಮೂಲ ಹಂಗೇರಿಯ ಒಂದು ಫ್ಯಾಕ್ಟರಿ. ಲಿಸ್ಟೀರಿಯಾ ಮಾಮೂಲಿ ಫ್ರಿಜ್‌ನ ಚಳಿಯಲ್ಲೂ ಬೆಳೆಯುತ್ತದೆ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅಪಾಯ ಜಾಸ್ತಿ. ಹೋಟೆಲ್‌ಗಳಲ್ಲಿ ಸ್ವೀಟ್ ಕಾರ್ನ್ ಕರಗಿಸಿ ಹಾಗೇ ಸಲಾಡ್‌ಗೆ ಹಾಕುತ್ತಾರಲ್ಲ, ಅದು ತಪ್ಪು. ಬಿಸಿನೀರು ಕಂಡ ಕಾಳು ಬೆಂದ ಹಾಗೆ ಕಾಣುತ್ತದೆ, ಬೆಂದಿರುವುದಿಲ್ಲ. ಪ್ರತಿ ಹೋಟೆಲಿನ ಅಡುಗೆಯವರಿಗೆ ಭಾವನವರು ಖುದ್ದಾಗಿ ಹೋಗಿ ಇದನ್ನು ಹೇಳಬೇಕು, ಅವರ ಭಾಷೆಯಲ್ಲಿ.

ಅಂಗಡಿಯಿಂದ ಒಂದು ಹೆಜ್ಜೆ ಹಿಂದೆ ಬಂದರೆ ಗಾಡಿ ಮತ್ತು ಗೋದಾಮಿನ ಬಾಗಿಲು. ದೋಹಾದ ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ. ಪೆಟ್ಟಿಗೆಗಳು ಬಾಗಿಲಲ್ಲಿ ಅರ್ಧ ಗಂಟೆ ಕಾದರೆ ಅಂಚಿನ ಪ್ಯಾಕೆಟ್‌ಗಳು ಬೆವರುತ್ತವೆ. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಹುಡುಗರ ಜೀವದ ದೃಷ್ಟಿಯಿಂದ ಅದು ತುಂಬಾ ಒಳ್ಳೆಯ ನಿಯಮ. ನಿಮ್ಮ ಇಳಿಸುವಿಕೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡರೆ ಸರಕಿಗೂ ಒಳ್ಳೆಯದು. ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ನಿಯಮದ ಪ್ರಕಾರ ಸಾಗಣೆಯಲ್ಲಿ ಸ್ವಲ್ಪ ಏರುಪೇರಾದರೂ ಅತಿ ಬಿಸಿಯಾದ ಪ್ಯಾಕೆಟ್ ಕೂಡ ಮೈನಸ್ 12ಕ್ಕಿಂತ ಬಿಸಿಯಾಗಬಾರದು. ಗಾಡಿಯ ಡಿಸ್‌ಪ್ಲೇ ನಂಬಬೇಡಿ, ಅದು ಗಾಳಿಯ ತಾಪಮಾನ. ಎರಡು ಪ್ಯಾಕೆಟ್ ಒತ್ತಿ ಹಿಡಿದು ನಡುವೆ ಥರ್ಮಾಮೀಟರ್ ಕಡ್ಡಿ ಇಟ್ಟು ನೋಡಿ.

ಇನ್ನು ನಿಮ್ಮ ಪಾಲಿನ ಕೆಲಸ, ಕಂಟೇನರ್. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ರೀಫರ್, ಅಂದರೆ ಚಳಿಯ ಯಂತ್ರ ಇರುವ ಕಂಟೇನರ್, ಚಳಿಯನ್ನು ಕಾಯುತ್ತದೆ, ಸರಕನ್ನು ತಂಪು ಮಾಡುವುದಿಲ್ಲ. ಮೈನಸ್ 10ರಲ್ಲಿರುವ ಬೆಂಡೆಕಾಯಿ ತುಂಬಿ ‘ಹಡಗಿನಲ್ಲಿ ಸರಿ ಹೋಗುತ್ತೆ’ ಅಂದರೆ ಸರಿ ಹೋಗುವುದಿಲ್ಲ. ಒಳಗಿನ ತನಕ ಮೈನಸ್ 18 ಆದ ಮೇಲೇ ತುಂಬಿಸಿ. ತಣ್ಣನೆ ಗಾಳಿ ನೆಲದ ಕಾಲುವೆಗಳಿಂದ ಮೇಲೆ ಬರುತ್ತದೆ. ಮೇಲಿನ ಕೆಂಪು ಗೆರೆ ದಾಟಿ ಪೆಟ್ಟಿಗೆ ಪೇರಿಸಿದರೆ ಗಾಳಿ ಸುತ್ತುವುದೇ ಇಲ್ಲ. ಹೊರಗಾಳಿ ಕಿಂಡಿ ಮುಚ್ಚಿದೆಯಾ ಅಂತ ಕಣ್ಣಾರೆ ನೋಡಿ. ಬುಕಿಂಗ್ ಕಾಗದದಲ್ಲಿ 18ರ ಹಿಂದೆ ಮೈನಸ್ ಇದೆಯಾ ಅಂತಲೂ ನೋಡಿ. ಇಲ್ಲಿಂದ ಮುಂಬೈ ಹತ್ತಿರದ ನವಾ ಶೇವಾ ಬಂದರಿಗೆ ಸುಮಾರು ಸಾವಿರ ಕಿಲೋಮೀಟರ್ ರಸ್ತೆ. ದಾರಿಯುದ್ದಕ್ಕೂ ಕಂಟೇನರ್‌ಗೆ ಕರೆಂಟ್ ಕೊಡುವ ಜೆನ್‌ಸೆಟ್ ಓಡಬೇಕು. ಬಾಗಿಲ ಹತ್ತಿರ ಒಂದು, ನಡುವೆ ಒಂದು ಲಾಗರ್ (ತಾಪಮಾನ ದಾಖಲಿಸುವ ಸಣ್ಣ ಯಂತ್ರ) ಇಡಿ. ನಾಳೆ ಜಗಳ ಬಂದರೆ ಸಾಕ್ಷಿ ಹೇಳುವುದು ಅವೇ.

ಕಾಗದಪತ್ರ ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಇಲ್ಲಿ ಐಇಸಿ (ಆಮದು-ರಫ್ತು ಮಾಡುವವರ ಸಂಖ್ಯೆ), ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್, ಅಪೆಡಾ (ಕೃಷಿ ಉತ್ಪನ್ನ ರಫ್ತು ಪ್ರಾಧಿಕಾರ) ನೋಂದಣಿ. ಅಲ್ಲಿಗೆ ಅರಬ್ಬಿ ಲೇಬಲ್. ತಯಾರಾದ ಮತ್ತು ಅವಧಿ ಮುಗಿಯುವ ತಾರೀಕು ಪ್ಯಾಕೆಟ್ ಮೇಲೇ ಅಚ್ಚಾಗಿರಲಿ, ಚೀಟಿ ಅಂಟಿಸಬೇಡಿ.

ದಾಸ್ತಾನಿನ ಬಗ್ಗೆ ನನಗೆ ಪಾಠ ಆದದ್ದು 2017ರ ಜೂನ್ 5ರಂದು. ರಂಜಾನ್ ತಿಂಗಳು. ಕತಾರ್‌ನ ಸುಮಾರು ಶೇಕಡಾ 40ರಷ್ಟು ಆಹಾರ ಸೌದಿ ಗಡಿಯ ಒಂದೇ ರಸ್ತೆಯಿಂದ ಬರುತ್ತಿತ್ತು ಅನ್ನುವ ಅಂದಾಜಿತ್ತು. ಸೌದಿ ಮತ್ತು ನೆರೆಯ ದೇಶಗಳು ಕತಾರ್ ಜೊತೆ ಸಂಬಂಧ ಕಡಿದುಕೊಂಡವು, ಆ ರಸ್ತೆ ಮುಚ್ಚಿತು. ಸೂಪರ್ ಮಾರ್ಕೆಟ್ ಕಪಾಟುಗಳು ಸಂಜೆಯೊಳಗೆ ಖಾಲಿ. ದುಬೈನ ಜೆಬೆಲ್ ಅಲಿ ಬಂದರಿನ ದಾರಿಯೂ ಬಂದ್. ಆಮೇಲೆ ಒಮಾನ್‌ನ ಸೊಹಾರ್, ಸಲಾಲಾ ಬಂದರುಗಳ ಮೂಲಕ ಹಡಗು ಬರತೊಡಗಿದವು. ಆ ಗಡಿ ತೆರೆದದ್ದು 2021ರ ಜನವರಿಯಲ್ಲಿ. ರಸ್ತೆ ಮುಚ್ಚಿದ ಆ ಮೊದಲ ವಾರ ನಮ್ಮ ಫೋನ್‌ಗಳು ನಿಲ್ಲಲೇ ಇಲ್ಲ. ಕೂಸು ಎತ್ತಿಕೊಂಡ ತಾಯಂದಿರು ಗೋದಾಮಿಗೇ ಬಂದು ಏನಿದ್ದರೂ ಕೊಡಿ ಅಂದರು. ಹೊರಗಿನಿಂದ ತಂದೇ ಉಣ್ಣುವ ಊರಿನಲ್ಲಿ ನೀವು ಮಾರುವುದು ಜನರ ಊಟ, ಇದನ್ನು ಮರೆಯಬೇಡಿ. ಆರು ವಾರಕ್ಕಾಗುವಷ್ಟು ಸರಕು ಒಳಗಿರಲಿ, ಎರಡು ದಾರಿ ಗೊತ್ತಿರಲಿ. ಅವಧಿ ಮೊದಲು ಮುಗಿಯುವ ಪೆಟ್ಟಿಗೆ ಮೊದಲು ಹೊರಗೆ ಹೋಗಲಿ.

ಏನು ಕಳಿಸಬೇಕು ಅಂತಲೂ ಕೇಳಿದ್ದೀರಿ. ಬಟಾಣಿಯಲ್ಲಿ ಪೈಪೋಟಿ ಜಾಸ್ತಿ. ನುಗ್ಗೆಕಾಯಿ, ತೊಂಡೆಕಾಯಿ, ಬೆಂಡೆಕಾಯಿ, ತೆಂಗಿನ ತುರಿ ಇಟ್ಟುಕೊಳ್ಳಿ. ಜೊತೆಗೆ ಅವರೆಕಾಳು. ಸಂಕ್ರಾಂತಿ ಹೊತ್ತಿಗೆ ಸೊಗಡಿನ ಕಾಯಿ ಸಿಗುವಾಗಲೇ ಕೊಂಡು ಹೆಪ್ಪುಗಟ್ಟಿಸಿದರೆ ವರ್ಷವಿಡೀ ಮಾರಬಹುದು. ಹಿತಕಿದ ಬೇಳೆ ಬೇಗ ಪುಡಿಯಾಗುತ್ತದೆ, ಅದನ್ನು ಸಣ್ಣ ಪ್ಯಾಕೆಟ್ ಮಾಡಿ ಮೇಲಿನ ಸಾಲಿನಲ್ಲಿಡಿ. ಮೊದಲ ಸಲವೇ ಪೂರ್ತಿ ಕಂಟೇನರ್ ಬೇಡ. ಬೇರೆಯವರ ಜೊತೆ ಜಾಗ ಹಂಚಿಕೊಂಡು ಎರಡು ಮೂರು ಟನ್ ಕಳಿಸಿ. ಅದಕ್ಕೂ ಮುಂಚೆ ಭಾವನವರಿಗೆ ಹೇಳಿ, ಸರಕು ಹಾಕಬೇಕೆಂದಿರುವ ಒಂದೊಂದು ಅಂಗಡಿಯಲ್ಲೂ ಹೆಪ್ಪುಗಟ್ಟಿದ ನೀರಿನ ಕಪ್, ಮೇಲೆ ನಾಣ್ಯ ಇಟ್ಟು ಒಂದು ವಾರ ಕಾಯಲಿ.