ಗದ್ದೆ ಏಡಿ ಸಮುದ್ರದಿಂದ ಹತ್ತಿ ಬಂದದ್ದಲ್ಲ

ಓದುಗರೊಬ್ಬರು ಯಲ್ಲಾಪುರ ಕಡೆಯಿಂದ ಕೇಳಿದ್ದಾರೆ: "ನಮ್ಮ ಗದ್ದೆ ಅಂಚಲ್ಲಿ ಕಂದು ಏಡಿ, ಮೇಲಿನ ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ಬಿಳಿ-ನೇರಳೆ ಏಡಿ. ಎರಡೂ ಮಳೆಗಾಲದಲ್ಲಿ ಸಮುದ್ರದಿಂದ ಹೊಳೆ ಹತ್ತಿ ಬರುವ ಒಂದೇ ಜಾತಿಯವಾ? ಸಾರಿಗೆ ಆಗುತ್ತವಾ?"

ಇಲ್ಲ ಮಾರಾಯ್ರೇ, ಇವು ಸಮುದ್ರವನ್ನೇ ಕಂಡವಲ್ಲ. ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಒಡೆದು ಬರುವ ಮರಿ ಏಡಿಯ ಹಾಗೆ ಕಾಣುವುದೂ ಇಲ್ಲ, ಅಲೆಯಲ್ಲಿ ತೇಲಿಕೊಂಡು ಎಲ್ಲೆಲ್ಲಿಗೋ ಹೋಗುತ್ತದೆ. ನಿಮ್ಮ ಗದ್ದೆಯದ್ದು ಹಾಗಲ್ಲ. ಒಂದನ್ನು ಹುಷಾರಾಗಿ ಮಗುಚಿ ನೋಡಿ. ಹೊಟ್ಟೆಯಡಿ ಮಡಚಿದ ಮುಚ್ಚಳವೊಂದು ಇರುತ್ತದೆ, ಗಂಡಿಗೆ ಕಿರಿದು, ಹೆಣ್ಣಿಗೆ ಅಗಲ. ಹೆಣ್ಣು ಮೊಟ್ಟೆ ಹೊರುವುದು ಅದರಡಿಯಲ್ಲೇ. ಮೊಟ್ಟೆ ದಪ್ಪ, ಲೆಕ್ಕದಲ್ಲಿ ಕಡಿಮೆ. ಒಡೆದಾಗ ಕಾಲು, ಕೊಂಬು ಎಲ್ಲ ಇರುವ ಪುಟಾಣಿ ಏಡಿಗಳೇ ಬರುತ್ತವೆ, ಬಂದಮೇಲೂ ಸ್ವಲ್ಪ ಕಾಲ ಅಮ್ಮನ ಹೊಟ್ಟೆ ಬಿಟ್ಟು ಕದಲುವುದಿಲ್ಲ.

ತೇಲಿ ಹೋಗುವ ಮರಿಯೇ ಇಲ್ಲ ಅಂದಮೇಲೆ ಈ ಗುಡ್ಡದ್ದು ಆ ಗುಡ್ಡ ಸೇರುವುದು ಹೇಗೆ? ಹೆಚ್ಚಿನವು ಸೇರುವುದೇ ಇಲ್ಲ. ಹುಟ್ಟಿದ ಝರಿಯ ಆಸುಪಾಸಲ್ಲೇ ತಲೆತಲಾಂತರ ಉಳಿದು ಬೇರೆ ಬೇರೆ ಜಾತಿಗಳೇ ಆಗಿಬಿಟ್ಟಿವೆ. ಜಗತ್ತಿನಲ್ಲಿ ಸಿಹಿನೀರಿನ ಏಡಿಗಳು ಸುಮಾರು 1,300 ಜಾತಿ, ಭಾರತದಲ್ಲೇ 100ಕ್ಕೂ ಜಾಸ್ತಿ. ಕೇರಳದ ಕಾಡಲ್ಲಿ ಮರದ ಪೊಟರೆಯ ನೀರಲ್ಲೇ ಸಂಸಾರ ಮಾಡುವ ಏಡಿಯೂ ಇದೆ, ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 2017ರಲ್ಲಷ್ಟೇ.

ಅಷ್ಟು ದೂರ ಯಾಕೆ, ನಿಮ್ಮದೇ ತಾಲೂಕಿನ ಬಾರೆ ಎಂಬಲ್ಲಿ ಅರಣ್ಯ ರಕ್ಷಕ ಪರಶುರಾಮ ಭಜಂತ್ರಿಯವರ ಕಣ್ಣಿಗೆ ಬಿದ್ದ ಎರಡು ಬಣ್ಣದ ಏಡಿ 2022ರಲ್ಲಿ 'ಘಾಟಿಯಾನ ದ್ವಿವರ್ಣ' ಎಂಬ ಹೊಸ ಜಾತಿಯಾಗಿ ದಾಖಲಾಯಿತು. ದಿನಾ ಕಾಡು ಸುತ್ತುವವರಿಗೆ ಕಾಣುವುದು ಪುಸ್ತಕದಲ್ಲಿ ಇರುವುದಿಲ್ಲ, ಅಲ್ವಾ? ನಿಮ್ಮ ಬಿಳಿ-ನೇರಳೆಯದ್ದೂ ಅದೇ ಇರಬಹುದು. ಆದರೆ ಬಣ್ಣ ನಂಬಿ ಹೇಳಲಿಕ್ಕಾಗುವುದಿಲ್ಲ, ಒಂದೇ ಜಾತಿಯಲ್ಲೂ ಬಣ್ಣ ಬದಲಾಗುತ್ತದೆ.

ಸಾರಿನ ವಿಷಯ. ಗದ್ದೆ ಏಡಿ ಧಾರಾಳವಾಗಿ ಆಗುತ್ತದೆ, ಮಲೆನಾಡಿನವರಿಗೆ ನಾನು ಹೇಳಿಕೊಡಬೇಕಾ! ಔಷಧಿ ಹೊಡೆದ ಗದ್ದೆಯದ್ದು ಮಾತ್ರ ಬೇಡ. ಅರೆಬೆಂದದ್ದೂ ಬೇಡ, ಕೆಲವು ಏಡಿಗಳಲ್ಲಿ ಶ್ವಾಸಕೋಶಕ್ಕೆ ಹತ್ತುವ ಹುಳ ಇರುತ್ತದೆ, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಕಲ್ಲು ಸಂದಿಯದ್ದನ್ನು ಸುಮ್ನೆ ಬಿಟ್ಟುಬಿಡಿ. ಫೋಟೊ ಕಳಿಸಿ, ಬೆನ್ನಿನದ್ದೊಂದು, ಹೊಟ್ಟೆಯದ್ದೊಂದು. ಗಂಡೇ ಸಿಕ್ಕರೆ ಒಳ್ಳೆಯದು, ಯಾಕೆಂದರೆ ತಿಳಿದವರು ಜಾತಿ ಗುರುತಿಸುವಾಗ ಮೊದಲು ನೋಡುವುದು ಅದರ ಮುಚ್ಚಳದಡಿಯ ಅಂಗವನ್ನೇ.

— ಸಂ.